ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಪ್ಲೇಟು

ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಇನ್ನೂ ದುಡಿಯುತ್ತಿರುವ ಹಳೇ ಜೀಪುಗಳ ಬಾನೆಟ್ ಎತ್ತಿದರೆ, ಕಾರ್ಖಾನೆಯಿಂದ ಬಂದ ಎಂಜಿನ್ನೇ ಅಲ್ಲಿ ಕೂತಿರುವುದು ಅಪರೂಪ. ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಏರಿಸಿದ ಗಾಡಿಗಳೇ ಹೆಚ್ಚು. ಆ ಕೆಲಸ ನಡೆದದ್ದು ನಮ್ಮಂಥ ಲೇತ್ ಶಾಪುಗಳಲ್ಲಿ. ಮೋಟಾರು ಗಾಡಿಗಳ ಚರಿತ್ರೆ ಬರೆಯುವವರು ಕಂಪನಿಗಳ ಹೆಸರು ಬರೆದು ಮುಗಿಸುತ್ತಾರೆ, ಲೇತ್ ಹಿಡಿದವರ ಮಾತು ಬರುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಹೀಂದ್ರ ಕಂಪನಿ ಮುಂಬೈಯಲ್ಲಿ ವಿಲ್ಲೀಸ್ ಜೀಪು ಜೋಡಿಸತೊಡಗಿದ್ದು 1940ರ ದಶಕದ ಕೊನೆಯಲ್ಲಿ. ಆಮೇಲೆ ನಮ್ಮ ಮಲೆನಾಡಿಗೆ ಹೆಚ್ಚಾಗಿ ಬಂದದ್ದು ಸಿಜೆ-3ಬಿ. ಅದರ ಎಂಜಿನ್ 2199 ಸಿಸಿಯ ಹರಿಕೇನ್. ಗಾಳಿ ಎಳೆಯುವ ವಾಲ್ವುಗಳು ಮೇಲೆ ಹೆಡ್ಡಿನಲ್ಲಿ, ಹೊಗೆ ಬಿಡುವವು ಪಕ್ಕದಲ್ಲಿ ಬ್ಲಾಕಿನಲ್ಲಿ. ಹಾಗಾಗಿ ಎಂಜಿನ್ ಹಿಂದಿನ ಯುದ್ಧಕಾಲದ ಜೀಪಿನದ್ದಕ್ಕಿಂತ ಎತ್ತರವಾಯಿತು, ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಈ ಎತ್ತರದ ಬಾನೆಟ್ ಮುಂದೆ ನಮಗೆ ದೊಡ್ಡ ಉಪಕಾರ ಮಾಡಿತು. ಮಿಲಿಟರಿಯ ತಗ್ಗು ಬಾನೆಟ್ಟಿನ ಜೀಪಿಗೆ ಡೀಸೆಲ್ ಕೂರಿಸುವುದಾದರೆ ತಗಡು ಕತ್ತರಿಸಿ ಉಬ್ಬಿಸಬೇಕಿತ್ತು. 3ಬಿಯಲ್ಲಿ ಆ ತಾಪತ್ರಯ ಕಡಿಮೆ.

ಹರಿಕೇನ್ ಒಳ್ಳೆಯ ಎಂಜಿನ್. ಆದರೆ ತೋಟದ ಏರಿನಲ್ಲಿ ಫೋರ್-ವೀಲ್ ಹಾಕಿ ಗೊಬ್ಬರದ ಟ್ರೈಲರ್ ಎಳೆಸಿದರೆ ಲೀಟರಿಗೆ ಐದಾರು ಕಿಲೋಮೀಟರ್ ಕೊಟ್ಟರೆ ಹೆಚ್ಚು. 1973ರ ಕೊನೆಯಲ್ಲಿ ಅರಬ್ ದೇಶಗಳು ಎಣ್ಣೆಯ ಕೈ ಬಿಗಿ ಹಿಡಿದಾಗ ಪೆಟ್ರೋಲ್ ಬೆಲೆ ಎಗರಿತು. ಲಾರಿ, ಬಸ್ಸು, ಪಂಪ್‌ಸೆಟ್ಟುಗಳ ಸಲುವಾಗಿ ಡೀಸೆಲನ್ನು ಸರ್ಕಾರ ಅಗ್ಗವಾಗಿಯೇ ಇಟ್ಟಿತ್ತು. ಹೂಮಳೆ ತಡವಾದರೆ ಸ್ಪ್ರಿಂಕ್ಲರ್ ಹೊಡೆಯಲೆಂದು ತೋಟದ ಷೆಡ್ಡಿನಲ್ಲಿ ಡೀಸೆಲ್ ಬ್ಯಾರಲ್ ಹೇಗೂ ಇರುತ್ತಿತ್ತು. ಪಂಪು ಓಡಿಸುವ ಎಣ್ಣೆಯಲ್ಲಿ ಜೀಪು ಯಾಕೆ ಓಡಬಾರದು ಎಂದು ತೋಟದವರು ಕೇಳತೊಡಗಿದರು.

ಬೆಲೆಯೊಂದೇ ಕಾರಣ ಎಂದು ನಾನು ಒಪ್ಪುವುದಿಲ್ಲ. ನಮ್ಮ ಮಳೆಯೂ ಕಾರಣ. ಆಷಾಢದಲ್ಲಿ ಹಳ್ಳ ದಾಟುವಾಗ ಫ್ಯಾನು ಎರಚಿದ ನೀರು ಡಿಸ್ಟ್ರಿಬ್ಯೂಟರಿಗೆ ಬಿದ್ದರೆ ಪೆಟ್ರೋಲ್ ಜೀಪು ನಡುನೀರಿನಲ್ಲೇ ನಿಂತುಬಿಡುತ್ತದೆ. ಡೀಸೆಲ್ಲಿಗೆ ಕಿಡಿಯೇ ಬೇಡ. ಹರಿಕೇನ್ ಗಾಳಿಯನ್ನು ಸುಮಾರು ಏಳು ಪಟ್ಟು ಒತ್ತಿದರೆ ನಾವು ಮುಂದೆ ಕೂರಿಸಿದ ಮ್ಯಾಟಡಾರ್ ಡೀಸೆಲ್ ಎಂಜಿನ್ 21 ಪಟ್ಟು ಒತ್ತುತ್ತದೆ, ಆ ಬಿಸಿಗೇ ಎಣ್ಣೆ ಹತ್ತಿಕೊಳ್ಳುತ್ತದೆ. ಗಾಳಿ ಎಳೆಯುವ ಬಾಯಿಗೆ ನೀರು ಹೋಗದಿದ್ದರೆ ಸಾಕು, ಗಾಡಿ ಆಚೆ ದಡ ಮುಟ್ಟುತ್ತದೆ. ಬಸುರಿ ಹೆಂಗಸರನ್ನು ಆಸ್ಪತ್ರೆಗೆ ಕರೆದೊಯ್ಯಲು ಜೀಪು ಬಿಟ್ಟರೆ ಬೇರೆ ಗತಿಯಿಲ್ಲದ ಊರುಗಳಲ್ಲಿ ಇದು ದುಡ್ಡಿಗಿಂತ ದೊಡ್ಡ ಮಾತು.

ಎಂಜಿನ್ ಎಲ್ಲಿಂದ ಬಂತು? ಮಹೀಂದ್ರ ಕಂಪನಿಯೇ 1979ರಲ್ಲಿ ಫ್ರಾನ್ಸಿನ ಪ್ಯೂಜೋ ಜೊತೆ ಒಪ್ಪಂದ ಮಾಡಿಕೊಂಡು 2112 ಸಿಸಿಯ ಎಕ್ಸ್‌ಡಿಪಿ ಡೀಸೆಲ್ ತಂದಿತು. ತನ್ನ ಇಂಟರ್‌ನ್ಯಾಷನಲ್ ಬಿ-275 ಟ್ರ್ಯಾಕ್ಟರಿನ ವಂಶದ ಎಂಜಿನ್ನನ್ನೂ ಜೀಪಿಗೆ ಇಳಿಸಿತು. ಬಜಾಜ್ ಟೆಂಪೊ ಕಂಪನಿ ಮರ್ಸಿಡಿಸ್‌ನ ಓಎಂ 616 ಎಂಜಿನ್ನನ್ನು ಪುಣೆಯಲ್ಲಿ ತಯಾರಿಸಿತು. ಮ್ಯಾಟಡಾರ್ ಎಂಜಿನ್ ಎಂದು ಎಲ್ಲರೂ ಕರೆದದ್ದು ಇದನ್ನೇ. ಅಂಬಾಸಿಡರ್ ಟ್ಯಾಕ್ಸಿಯವರಿಗೂ ಅದೇ ಬೇಕಿತ್ತು, ಏಕೆಂದರೆ ಅಂಬಾಸಿಡರ್‌ನ ಸ್ವಂತ 1489 ಸಿಸಿ ಡೀಸೆಲ್ ಶಿರಾಡಿ ಘಾಟಿ ಹತ್ತುವಾಗ ಏದುಸಿರು ಬಿಡುತ್ತಿತ್ತು. ಅಪಘಾತವಾದ ಗಾಡಿಗಳ ಎಂಜಿನ್ ಗುಜರಿಗೆ ಬಂದರೆ ಸಾಕು, ಯಾರೋ ಒಬ್ಬರು ಮುಂಗಡ ಕೊಟ್ಟಿರುತ್ತಿದ್ದರು.

ಎಂಜಿನ್ ಸಿಕ್ಕ ಮಾತ್ರಕ್ಕೆ ಕೂರುವುದಿಲ್ಲ. ಮ್ಯಾಟಡಾರಿನ ಬೋಲ್ಟು ತೂತುಗಳು ಒಂದು ಕಡೆ, ಜೀಪಿನ ಟಿ-90 ಗೇರ್‌ಬಾಕ್ಸಿನವು ಇನ್ನೊಂದು ಕಡೆ. ಎರಡರ ನಡುವೆ ಬರುವ ಉಕ್ಕಿನ ಅಡಾಪ್ಟರ್ ಪ್ಲೇಟೇ ನಮ್ಮ ವಿದ್ಯೆ. ನಾನು ಕಲಿತ ಮೇಸ್ತ್ರಿ ರಟ್ಟಿನ ಮೇಲೆ ಎರಡೂ ಮುಖಗಳ ಅಚ್ಚು ತೆಗೆದು, ಮುಕ್ಕಾಲು ಇಂಚಿನ ಪ್ಲೇಟಿನಲ್ಲಿ ಮೊದಲು ನಡುವಿನ ತೂತು ಬೋರ್ ಮಾಡಿ, ಆಮೇಲಷ್ಟೇ ಬೋಲ್ಟಿನ ಗುರುತು ಹಾಕುತ್ತಿದ್ದರು. ಕ್ರ್ಯಾಂಕಿನ ಮಧ್ಯಕ್ಕೂ ಗೇರ್‌ಬಾಕ್ಸ್ ಶಾಫ್ಟಿನ ಮಧ್ಯಕ್ಕೂ ಐದು ಥೌಗಿಂತ, ಅಂದರೆ ಇಂಚಿನ ಸಾವಿರದಲ್ಲಿ ಐದು ಪಾಲಿಗಿಂತ, ಹೆಚ್ಚು ವ್ಯತ್ಯಾಸ ಬರಕೂಡದು. ಬಂದರೆ ಗಾಡಿ ಆವತ್ತು ಓಡುತ್ತದೆ, ನಾಲ್ಕು ತಿಂಗಳಿಗೆ ಪೈಲಟ್ ಬುಷ್ ತಿಂದು, ಬೇರಿಂಗ್ ಕೂಗಿ, ಕ್ಲಚ್ ಪ್ಲೇಟ್ ಹರಿಯುತ್ತದೆ. ಡಯಲ್ ಗೇಜ್ ಇಟ್ಟು ಫ್ಲೈವೀಲನ್ನು ಕೈಯಲ್ಲಿ ತಿರುಗಿಸುವಾಗ ಮೇಸ್ತ್ರಿ ಯಾರನ್ನೂ ಮಾತಾಡಗೊಡುತ್ತಿರಲಿಲ್ಲ. ಡವೆಲ್ ಪಿನ್ ಹೊಡೆದ ಮೇಲೆಯೇ ಟೀ.

ಆಮೇಲೆ ಉಳಿದದ್ದು: ಎಂಜಿನ್ ಫೌಂಡೇಶನ್ ಕತ್ತರಿಸಿ ಹೊಸದು ವೆಲ್ಡ್ ಮಾಡುವುದು, ಭಾರಕ್ಕೆ ಮುಂದಿನ ಸ್ಪ್ರಿಂಗ್ ಸೆಟ್ಟಿಗೆ ಒಂದು ಬ್ಲೇಡು ಸೇರಿಸುವುದು, ಟ್ಯಾಂಕಿಗೆ ರಿಟರ್ನ್ ಪೈಪು, ದೊಡ್ಡ ಬ್ಯಾಟರಿ. ಕೀ ತಿರುಗಿಸಿದರೆ ಹಳೇ ಡೀಸೆಲ್ ನಿಲ್ಲುವುದಿಲ್ಲ, ಪಂಪಿಗೆ ಎಣ್ಣೆ ಕಟ್ಟು ಮಾಡಬೇಕು. ಅದಕ್ಕೆ ಡ್ಯಾಶ್‌ಬೋರ್ಡಿನಲ್ಲಿ ಎಳೆಯುವ ಒಂದು ಗುಂಡಿ. ಟ್ರ್ಯಾಕ್ಟರ್ ಎಂಜಿನ್ನಿನದು ಇನ್ನೊಂದು ಸಮಸ್ಯೆ, ಅದು ನಿಧಾನಕ್ಕೆ ತಿರುಗುವಂಥದ್ದು. ಜೀಪಿನ ಕ್ರೌನ್-ಪಿನಿಯನ್ ಅನುಪಾತ 5.38, ಟೈರು 6.00-16. ನಿಮಿಷಕ್ಕೆ 2,000 ಸುತ್ತಿಗೆ ಟಾಪ್ ಗೇರಿನಲ್ಲಿ ಸಿಗುವುದು ಐವತ್ತು ಕಿಲೋಮೀಟರ್ ವೇಗ. 4.88 ಹಾಕಿದರೆ ಐವತ್ತೈದು. ತೋಟಕ್ಕೆ ಅಷ್ಟು ಸಾಕು, ಹಾಸನಕ್ಕೆ ಹೋಗುವವರಿಗೆ ಸಾಲದು.

ಪಂಪು, ನಾಜಲ್ ಮಾತ್ರ ನಮ್ಮ ಕೈಯದ್ದಲ್ಲ. ಅದು ಮೈಕೋದವರ ವಿದ್ಯೆ. 1951ರಲ್ಲಿ ಶುರುವಾದ ಬೆಂಗಳೂರಿನ ಆ ಕಂಪನಿ ಆಡುಗೋಡಿಯಲ್ಲಿ ಪೆಟ್ರೋಲ್ ಗಾಡಿಯ ಸ್ಪಾರ್ಕ್ ಪ್ಲಗ್ಗನ್ನೂ ಡೀಸೆಲ್ಲಿನ ಪಂಪನ್ನೂ ಮಾಡುತ್ತಿತ್ತು. ನಾವು ಬಿಚ್ಚಿ ಹಾಕಿದ ಪ್ಲಗ್ಗು, ಹೊಸದಾಗಿ ಕಟ್ಟಿದ ಪಂಪು ಎರಡರ ಮೇಲೂ ಅದೇ ಹೆಸರು.

ಕಾನೂನಿನ ಬದಿಯೂ ಬದಲಾಯಿತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಮೊದಲೇ ತಿಳಿಸಿ ಒಪ್ಪಿಗೆ ಪಡೆದರೆ ಆರ್‌ಸಿಯಲ್ಲಿ ಬದಲಾವಣೆ ಬರೆಸಬಹುದಿತ್ತು. 2000ದ ತಿದ್ದುಪಡಿ ಅದನ್ನು ಬಿಗಿ ಮಾಡಿತು: ತಯಾರಕರು ಹೇಳಿದ ವಿವರಕ್ಕೆ ಹೊರತಾಗಿ ಗಾಡಿ ಇರಕೂಡದು, ಇಂಧನ ಬದಲಾವಣೆಗೆ ಮಾತ್ರ ಷರತ್ತಿನ ಅವಕಾಶ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅದಕ್ಕಿಂತ ಮೊದಲೇ, 2014ರ ಅಕ್ಟೋಬರಿನಲ್ಲಿ, ಡೀಸೆಲ್ ಬೆಲೆಯ ಮೇಲಿನ ಸರ್ಕಾರದ ಹಿಡಿತ ಹೋಗಿತ್ತು, ಅಗ್ಗದ ಎಣ್ಣೆ ಎಂಬ ಹಳೇ ಕಾರಣವೂ ಸಡಿಲಾಗಿತ್ತು. ನಿಯಮ ಬೇಕು ಎಂಬುದನ್ನು ನಾನು ಒಪ್ಪುತ್ತೇನೆ, ಗೇಜ್ ಇಡದೆ ವೆಲ್ಡ್ ಹೊಡೆದು ಕಳಿಸಿದ ಗಾಡಿಗಳನ್ನು ನೋಡಿದ್ದೇನೆ.

ಈಗ ಎರಡು ಬಗೆಯವರು ಬರುತ್ತಾರೆ. ಹುಡುಗರಿಗೆ ಕಾಮನ್-ರೈಲ್ ಎಂಜಿನ್ ಬೇಕು. ಪ್ಲೇಟಿನ ಕೆಲಸ ಹಿಂದಿನದ್ದೇ, ಆದರೆ ಅದರ ಕಂಪ್ಯೂಟರಿಗೆ ಪೆಡಲಿನ ಸುದ್ದಿ, ಕ್ರ್ಯಾಂಕಿನ ಸುದ್ದಿ ಎಲ್ಲ ತಂತಿಯಲ್ಲಿ ಹೋಗಬೇಕು. ಆ ವೈರಿಂಗ್ ಬಲ್ಲವನು ಬಂದ ಮೇಲೆಯೇ ನಾನು ಆರ್‌ಸಿ ಕೇಳಿ, ಒಪ್ಪಿಗೆ ಇದ್ದರೆ ಕೈ ಹಾಕುತ್ತೇನೆ. ಇನ್ನೊಂದು ಬಗೆಯವರು ಹಳೇ ಗಾಡಿ ಜೋಪಾನ ಮಾಡುವವರು. ಡೀಸೆಲ್ ತೆಗೆದು ಹರಿಕೇನನ್ನೇ ಮತ್ತೆ ಕೂರಿಸಿ ಎನ್ನುತ್ತಾರೆ. "ಒರಿಜಿನಲ್ ಆಗ್ಬೇಕು ಮೇಸ್ತ್ರಿ" ಎಂದು ಮೊನ್ನೆ ಒಬ್ಬರು ಹೇಳಿದರು. "ಈ ಡೀಸೆಲ್ಲಲ್ಲೇ ಅಲ್ವೇ ಗೌಡ್ರೆ, ನಿಮ್ಮ ತಂದೆಯವರು ಇಷ್ಟು ವರ್ಷ ತೋಟ ನಡೆಸಿದ್ದು?" ಎಂದು ಕೇಳಿದೆ. ಕೆಲಸ ಮಾಡಿಕೊಟ್ಟೆ. ಇಳಿಸಿದ ಎಂಜಿನ್ನನ್ನು ಗುಜರಿಗೆ ಹಾಕಬೇಡಿ, ಪ್ಲೇಟು, ಫ್ಲೈವೀಲು, ಹಳೇ ಆರ್‌ಸಿ ಪ್ರತಿ ಎಲ್ಲ ಒಟ್ಟಿಗೆ ಷೆಡ್ಡಿನಲ್ಲಿಡಿ ಎಂದು ಕೇಳಿಕೊಂಡೆ. ಅವರು ಇಟ್ಟಿದ್ದಾರೆ.