ಹಿಮ್ಮಡಿಯ ನೋವು: ಮಳಖೇಡದಿಂದ ಸ್ವೀಡನ್‌ವರೆಗೆ

ಕಳೆದ ತಿಂಗಳು ಚಿಂಚೋಳಿಯಿಂದ ಹಳೆಯ ಶಿಷ್ಯನೊಬ್ಬ ದೂರವಾಣಿ ಮಾಡಿದ. "ಸರ್, ಹಿಮ್ಮಡಿ ಹಿಂದಿನ ನರ ಹಿಡ್ದದ ರೀ. ಇಂಜೆಕ್ಷನ್ ತಗೋ ಅಂತಾರ. ಏನ್ ಮಾಡ್ಲಿ?" ಎಂದ. ನಾನು ವೈದ್ಯನಲ್ಲ. ಆದರೆ ಅದೇ ನೋವನ್ನು ಒಂದು ವರ್ಷ ಅನುಭವಿಸಿದವನು. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಹಿಡಿದದ್ದು ನರವಲ್ಲ, ಸ್ನಾಯುರಜ್ಜು. ಮೀನಖಂಡವನ್ನು ಹಿಮ್ಮಡಿಯ ಮೂಳೆಗೆ ಬಿಗಿದಿರುವ ಹುರಿ. ಮೂವತ್ತೈದು ವರ್ಷ ಶಹಾಬಾದಿ ಫರಸಿಯ ಮೇಲೆ ನಿಂತು ಪಾಠ ಹೇಳಿದಾಗ ಬಾರದ ನೋವು, ನಿವೃತ್ತಿಯ ನಂತರ ಒಮ್ಮೆಲೇ ದಿನಕ್ಕೆ ಐದು ಮೈಲಿ ನಡೆಯುವ ಹುಮ್ಮಸ್ಸು ತೋರಿಸಿದಾಗ ಬಂತು. ಬೆಳಿಗ್ಗೆ ಹಾಸಿಗೆಯಿಂದ ಇಳಿದರೆ ಮೊದಲ ಹತ್ತು ಹೆಜ್ಜೆ ಗೋಡೆ ಹಿಡಿದೇ ಇಡಬೇಕಾಗಿತ್ತು.

ನಮ್ಮ ಪ್ರಾಚೀನರು ಪಾದವನ್ನು ಅಲಕ್ಷಿಸಿದವರಲ್ಲ. ಪಾದಕ್ಕೆ ಎಣ್ಣೆ ತಿಕ್ಕುವುದನ್ನೂ ಪಾದರಕ್ಷೆ ಧರಿಸುವುದನ್ನೂ ಚರಕಸಂಹಿತೆ ದಿನಚರಿಯಲ್ಲೇ ಸೇರಿಸಿದೆ. ಕಾಲನ್ನು ಏರುಪೇರಾಗಿ ಇಟ್ಟಾಗ ಹುಟ್ಟುವ ನೋವಿಗೆ ಸುಶ್ರುತ 'ವಾತಕಂಟಕ' ಎಂಬ ಹೆಸರನ್ನೇ ಕೊಟ್ಟ. ಅದು ನನ್ನ ನೋವೇ ಎಂದು ಹೇಳಲಾಗದು, ಆದರೆ ಮುಳ್ಳು ಎಂಬ ಮಾತು ಎಷ್ಟು ಸರಿ! ಸೇಡಂ ತಾಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ನೃಪತುಂಗನ ಸಭೆಯಲ್ಲಿ ಔಷಧಕ್ಕೆ ಮಾಂಸ ಬೇಡವೆಂದು ವಾದಿಸಿದ ಜೈನಮುನಿ ಉಗ್ರಾದಿತ್ಯನ ಸಂಸ್ಕೃತ ವೈದ್ಯಗ್ರಂಥ 'ಕಲ್ಯಾಣಕಾರಕ' 1940ರಲ್ಲಿ ಸೊಲ್ಲಾಪುರದಲ್ಲಿ ಅಚ್ಚಾಯಿತು. ವಿದ್ಯೆ ಇಷ್ಟು ಹತ್ತಿರವಿದ್ದರೂ ಹೊಲದಲ್ಲಿ, ಕಲ್ಲಿನ ಖಣಿಯಲ್ಲಿ ದುಡಿಯುವವರ ಕಾಲಿಗೆ ದೊರೆತದ್ದು ಎಕ್ಕದ ಎಲೆ, ಕಾದ ಇಟ್ಟಿಗೆ, ಕುಸಬಿ ಎಣ್ಣೆ. ನಮ್ಮ ತಂದೆಯವರ ಹಿಮ್ಮಡಿ ನೊಂದಾಗ ಊರಿನಲ್ಲಿ ಕೆರ ಹೊಲಿಯುವ ಹಿರಿಯರು ಹಿಮ್ಮಡಿಯ ಕೆಳಗೆ ಒಂದು ಚಕ್ಕಳದ ತುಂಡು ಸೇರಿಸಿ ಕೊಟ್ಟಿದ್ದರು. ಅದನ್ನು ನೆನಪಿನಲ್ಲಿಡಿ.

ದೊಡ್ಡ ವೈದ್ಯಕ್ಕೆ ದಾರಿ ತೆರೆದದ್ದು ರೈಲು. ಮುಂಬಯಿಯಿಂದ ರಾಯಚೂರಿನವರೆಗಿನ ಹಳಿ 1871ರಲ್ಲಿ ಪೂರ್ಣವಾಯಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಚಿತ್ತಾಪುರ, ಸೇಡಂ ಆ ದಾರಿಯಲ್ಲೇ ಬಿದ್ದವು. ಶಹಾಬಾದಿನವರು ವಾಡಿಯಲ್ಲಿ ಗಾಡಿ ಬದಲಿಸಿದರಾಯಿತು. ಚಿಂಚೋಳಿಗೆ ಮಾತ್ರ ಇಂದಿಗೂ ರೈಲಿಲ್ಲ. ಅಲ್ಲಿಯವರಿಗೆ ಹತ್ತಿರದ ನಿಲ್ದಾಣ ತಾಂಡೂರು. 1956ರಲ್ಲಿ ಕಲಬುರಗಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ರೋಗಿಗಳು ಹೈದರಾಬಾದಿನ ಉಸ್ಮಾನಿಯಾ ಆಸ್ಪತ್ರೆಯನ್ನು ಬಿಡಲಿಲ್ಲ. 1960ರ ದಶಕದಲ್ಲಿ ಪಂಜಾಗುಟ್ಟದಲ್ಲಿ ನಿಜಾಮರ ದತ್ತಿಯಿಂದ ಮೂಳೆ ಆಸ್ಪತ್ರೆ ನಿಂತಿತು. ಅದೇ ಇಂದಿನ ನಿಮ್ಸ್. 1963ರಲ್ಲಿ ಕಲಬುರಗಿಯಲ್ಲಿಯೇ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಆರಂಭವಾಯಿತು. ಆದರೂ ಹಿಮ್ಮಡಿ ನೋವಿಗಾಗಿ ಯಾರು ರೈಲು ಹತ್ತುತ್ತಾರೆ? ಕಾಲು ಮುರಿದರೆ ಹೈದರಾಬಾದು, ನೊಂದರೆ ಎಕ್ಕದ ಎಲೆ. ನಾನೂ ಹಾಗೆಯೇ ಎಂಟು ತಿಂಗಳು ಕಳೆದೆ. ಒಬ್ಬರು ಬಲವಾಗಿ ತಿಕ್ಕಿ ಎಳೆದು ನೋವನ್ನು ಇಮ್ಮಡಿ ಮಾಡಿದರು.

ಈ ಹುರಿಗೆ ಗ್ರೀಕ್ ವೀರ ಅಕಿಲೀಸನ ಹೆಸರು ಅಂಟಿದ್ದು 1693ರ ಒಂದು ಅಂಗರಚನಾ ಗ್ರಂಥದಿಂದ. ಬರೆದ ಫಿಲಿಪ್ ವೆರ್‌ಹೇಯನ್ ಸ್ವತಃ ಒಂದು ಕಾಲು ಕಳೆದುಕೊಂಡಿದ್ದವನು. ಮುಂದಿನ ಮೂರು ಶತಮಾನ ವೈದ್ಯರ ಮಾತು ಬಹುಮಟ್ಟಿಗೆ ಒಂದೇ: ವಿಶ್ರಾಂತಿ, ಅದಾಗದಿದ್ದರೆ ಶಸ್ತ್ರಚಿಕಿತ್ಸೆ. ಇದನ್ನು ಬದಲಿಸಿದವರು ಸ್ವೀಡನ್ನಿನ ಉಮೆಯೊ ನಗರದ ಮೂಳೆವೈದ್ಯ ಹೋಕನ್ ಆಲ್ಫ್ರೆಡ್‌ಸನ್. ತಮ್ಮದೇ ಹಿಮ್ಮಡಿ ನೊಂದು ಶಸ್ತ್ರಚಿಕಿತ್ಸೆ ಕೇಳಿದಾಗ ಮೇಲಿನವರು ಒಪ್ಪಲಿಲ್ಲ. ಹುರಿ ಹರಿದೇ ಹೋದರೆ ಒಪ್ಪಲೇಬೇಕಲ್ಲ ಎಂದು ಅದರ ಮೇಲೆ ಬೇಕೆಂದೇ ಭಾರ ಹೇರಿ ವ್ಯಾಯಾಮ ಮಾಡಿದರು. ಹುರಿ ಹರಿಯಲಿಲ್ಲ; ನೋವು ಹೋಯಿತು! 1998ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ಹೀಗೆ ವ್ಯಾಯಾಮ ಮಾಡಿದ 15 ಮಂದಿಯೂ 12 ವಾರಗಳಲ್ಲಿ ಮತ್ತೆ ಓಡತೊಡಗಿದ್ದರು.

ಕೊನೆಗೆ ಕಲಬುರಗಿಯಲ್ಲಿ ಫಿಸಿಯೋಥೆರಪಿಯ ಹುಡುಗಿಯೊಬ್ಬಳು ನನಗೆ ಕಲಿಸಿದ್ದು ಇದನ್ನೇ. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲ ಮೇಲೆ ನಿಂತು, ಒಳ್ಳೆಯ ಕಾಲಿನ ಬಲದಿಂದ ಮೇಲೇರಿ, ನೊಂದ ಕಾಲಿನ ಹಿಮ್ಮಡಿಯನ್ನು ಮೆಲ್ಲಗೆ ಕೆಳಗಿಳಿಸಬೇಕು. ಹದಿನೈದರಂತೆ ಮೂರು ಸಲ ಮಂಡಿ ನೇರವಾಗಿಟ್ಟು, ಮೂರು ಸಲ ತುಸು ಬಾಗಿಸಿ. ದಿನಕ್ಕೆ ಎರಡು ಹೊತ್ತು. ನೋವು ಮೂಳೆಗೆ ಅಂಟಿದ ತುದಿಯಲ್ಲಿದ್ದರೆ ಮೆಟ್ಟಿಲಿಗಿಂತ ಕೆಳಗೆ ಇಳಿಸಬಾರದು. ಸ್ಟೀರಾಯ್ಡ್ ಚುಚ್ಚಿದರೆ ಹುರಿ ಹರಿಯುವ ಅಪಾಯವಿದೆ ಎಂದೂ ಅವಳೇ ಎಚ್ಚರಿಸಿದಳು. ಆಮೇಲೆ ಚಪ್ಪಲಿಯ ಹಿಮ್ಮಡಿಗೆ ಒಂದು ದಪ್ಪ ಪಟ್ಟಿ ಇಟ್ಟುಕೊಟ್ಟಳು. ನಮ್ಮ ತಂದೆಯವರ ಕೆರದ ಚಕ್ಕಳ ಕಣ್ಣ ಮುಂದೆ ಬಂತು.

ಮೊದಲ ಮೂರು ವಾರ ನೋವು ಹೆಚ್ಚಾಗಿ, ಬಿಟ್ಟುಬಿಡಬೇಕೆನಿಸಿತ್ತು. ನಾಲ್ಕನೆಯ ತಿಂಗಳಲ್ಲಿ ಮಳಖೇಡದ ಕೋಟೆಯನ್ನು ಸುತ್ತಿ, ಕಾಗಿಣಾ ನದಿಯವರೆಗೆ ಇಳಿದು ಬಂದೆ. ಚಿಂಚೋಳಿಯ ಶಿಷ್ಯನಿಗೆ ಕಲಬುರಗಿಯ ಬಸ್ಸು ಹತ್ತಲು ಹೇಳಿದ್ದೇನೆ. ಈ ಭಾನುವಾರ ಅವನು ನಮ್ಮ ಮನೆಗೂ ಬರುವವನಿದ್ದಾನೆ.