ಯಲಹಂಕ: ಮಾತೃನಗರವೊಂದು ಉಪನಗರವಾದ ಬಗೆ

ಬೆಂಗಳೂರು ನಗರಕೇಂದ್ರದಿಂದ ಉತ್ತರಕ್ಕೆ ಸುಮಾರು 15 ಕಿ.ಮೀ. ದೂರದಲ್ಲಿರುವ ಯಲಹಂಕವನ್ನು ಇಂದು ಮಹಾನಗರದ ಉಪನಗರವೆಂದೇ ಜನರು ಗುರುತಿಸುತ್ತಾರೆ. ಆದರೆ ಇತಿಹಾಸದ ದೃಷ್ಟಿಯಿಂದ ನೋಡಿದರೆ ಸಂಬಂಧವು ತಿರುಗುಮುರುಗಾಗಿದೆ. ಯಲಹಂಕವು ತಾಯಿ, ಬೆಂಗಳೂರು ಮಗಳು. ಮಗಳು ಬೆಳೆದು ತಾಯಿಯನ್ನೇ ತನ್ನ ಮನೆಯ ಒಂದು ಕೋಣೆಯಲ್ಲಿರಿಸಿಕೊಂಡ ಈ ಕಥೆಯನ್ನು ಆ ಊರಿನ ಕೆರೆಯ ದಡದಲ್ಲಿ ನಿಂತು ಅವಲೋಕಿಸುವುದು ಉಚಿತವೆನಿಸುತ್ತದೆ.

ಈ ಪ್ರದೇಶದಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಅರ್ಕಾವತಿಯೂ ಪಿನಾಕಿನಿಗಳೂ ಉತ್ತರದ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಬೇರೆಬೇರೆ ದಿಕ್ಕುಗಳಿಗೆ ಸಾಗುತ್ತವೆ. ಗಟ್ಟಿಶಿಲೆಯ ಮೇಲೆ ಕೆಮ್ಮಣ್ಣು ಹರಡಿರುವ ಈ ಪ್ರಸ್ಥಭೂಮಿಯಲ್ಲಿ ಮಳೆಯ ನೀರನ್ನು ತಡೆದು ನಿಲ್ಲಿಸದೆ ಬದುಕುವುದು ದುಸ್ತರವಾಗಿತ್ತು. ಆದುದರಿಂದಲೇ ನಮ್ಮ ಪೂರ್ವಿಕರು ತಗ್ಗುಗಳಿಗೆ ಏರಿಯನ್ನು ಕಟ್ಟಿ ಕೆರೆಗಳ ಮಾಲೆಯನ್ನು ನಿರ್ಮಿಸಿದರು. ಯಲಹಂಕದ ಕೆರೆಯು ಅಂತಹ ಮಾಲೆಯ ಒಂದು ಮಣಿ. ಅದರ ಕೋಡಿಯ ನೀರು ಜಕ್ಕೂರು, ರಾಚೇನಹಳ್ಳಿ ಕೆರೆಗಳ ಕಡೆಗೆ ಹರಿದು ಕಡೆಗೆ ದಕ್ಷಿಣ ಪಿನಾಕಿನಿಯನ್ನು ಸೇರುವುದು. ಕೆರೆಯ ಕೆಳಗೆ ಭತ್ತ, ಮೇಲಿನ ಹೊಲಗಳಲ್ಲಿ ರಾಗಿ ಮತ್ತು ಅವರೆ. ಇದೇ ಬಹುಕಾಲ ಈ ನಾಡಿನ ಆರ್ಥಿಕ ವ್ಯವಸ್ಥೆಯ ಆಧಾರವಾಗಿತ್ತು.

ಚೋಳರ ಕಾಲದ ತಮಿಳು ಶಾಸನಗಳಲ್ಲಿ ಇದು ಇಲೈಪ್ಪಾಕ್ಕ ನಾಡು ಎಂದು ಕರೆಯಲ್ಪಟ್ಟಿದೆ. ಅನಂತರದ ಕಾಲದಲ್ಲಿ ಯಲಹಂಕನಾಡು ಎಂಬ ಹೆಸರು ರೂಢಿಗೆ ಬಂದಿತು. ಆವತಿಯಲ್ಲಿ ನೆಲೆಸಿದ ಒಕ್ಕಲಿಗ ಮನೆತನದ ಒಂದು ಶಾಖೆಯವರು ವಿಜಯನಗರದ ಅರಸರಿಗೆ ಅಧೀನರಾಗಿ ಇಲ್ಲಿ ಆಳಿದರು. ಅವರೇ ಯಲಹಂಕ ನಾಡಪ್ರಭುಗಳು. ಈ ವಂಶದ ಹಿರಿಯ ಕೆಂಪೇಗೌಡನು 1537ರಲ್ಲಿ ಬೆಂಗಳೂರಿನ ಕೋಟೆಪೇಟೆಗಳನ್ನು ಕಟ್ಟಿಸಿ ರಾಜಧಾನಿಯನ್ನು ಅಲ್ಲಿಗೆ ಒಯ್ದನು. ಹೊಸ ಊರಿನ ಜೊತೆಗೇ ಕೆರೆಗಳ ನಿರ್ಮಾಣವೂ ನಡೆಯಿತು. ಕೆಂಪಾಂಬುಧಿ, ಧರ್ಮಾಂಬುಧಿಗಳು ಅವನ ಹೆಸರಿನೊಡನೆ ಬೆಸೆದುಕೊಂಡಿವೆ. ಯಲಹಂಕದ ಅನುಭವವೇ ಬೆಂಗಳೂರಿನಲ್ಲಿ ಫಲಿಸಿತೆಂದರೆ ತಪ್ಪಾಗದು. 1638ರಲ್ಲಿ ಬಿಜಾಪುರದ ಸೇನೆಯು ಬೆಂಗಳೂರನ್ನು ವಶಪಡಿಸಿಕೊಂಡ ಮೇಲೆ ನಾಡಪ್ರಭುಗಳು ಮಾಗಡಿಯನ್ನು ನೆಲೆ ಮಾಡಿಕೊಂಡರು. ಯಲಹಂಕವು ಕ್ರಮೇಣ ಒಂದು ಸಾಮಾನ್ಯ ಪಟ್ಟಣವಾಗಿ ಉಳಿಯಿತು.

ಆಧುನಿಕ ಕಾಲದಲ್ಲಿ ರೈಲುಮಾರ್ಗಗಳು ಇಲ್ಲಿ ಕೂಡಿದುದರಿಂದ ಊರಿಗೆ ಮತ್ತೆ ಪ್ರಾಮುಖ್ಯ ಲಭಿಸಿತು. 1963ರಲ್ಲಿ ವಾಯುಪಡೆಯ ನೆಲೆಯೂ, 1984ರಲ್ಲಿ ರೈಲ್ವೆಯ ಗಾಲಿ ಮತ್ತು ಅಚ್ಚು ಕಾರ್ಖಾನೆಯೂ ಸ್ಥಾಪಿತವಾದವು. 1996ರಿಂದ ಇಲ್ಲಿನ ವಾಯುನೆಲೆಯಲ್ಲಿ ವೈಮಾನಿಕ ಪ್ರದರ್ಶನಗಳು ನಡೆದುಬಂದಿವೆ. ಕರ್ನಾಟಕ ಗೃಹಮಂಡಳಿಯು ನಿರ್ಮಿಸಿದ ಬಡಾವಣೆಯಿಂದ 'ಉಪನಗರ'ವೆಂಬ ಹೆಸರು ನೆಲೆಗೊಂಡಿತು. 2007ರಲ್ಲಿ ಯಲಹಂಕ ನಗರಸಭೆಯು ಮಹಾನಗರ ಪಾಲಿಕೆಯಲ್ಲಿ ಲೀನವಾಯಿತು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದಾಗ ಬಳ್ಳಾರಿ ರಸ್ತೆಯ ಇಕ್ಕೆಲಗಳ ಹೊಲಗಳು ನಿವೇಶನಗಳಾಗುವುದು ಮತ್ತಷ್ಟು ತ್ವರಿತವಾಯಿತು. ನೇಗಿಲು ಹಿಡಿದವರ ಮಕ್ಕಳು ಕಾರ್ಖಾನೆ, ಕಛೇರಿಗಳ ಉದ್ಯೋಗಿಗಳಾದರು. ಇದರಿಂದ ಅನೇಕ ಕುಟುಂಬಗಳ ಬಾಳು ಹಸನಾಯಿತೆಂಬುದನ್ನು ಮರೆಯಲಾಗದು.

ಆದರೆ ಬೆಳವಣಿಗೆಯಲ್ಲಿ ಒಂದು ಸಂಗತಿ ಕಡೆಗಣಿಸಲ್ಪಟ್ಟಿತು. ಗದ್ದೆಗಳಿದ್ದಾಗ ಕೆರೆಯು ಎಲ್ಲರ ಸ್ವತ್ತಾಗಿತ್ತು. ತೂಬನ್ನು ನೀರಗಂಟಿಯು ನೋಡಿಕೊಳ್ಳುತ್ತಿದ್ದನು; ಏರಿ ಬಿರುಕುಬಿಟ್ಟರೆ ಊರೇ ಚಿಂತಿಸುತ್ತಿತ್ತು. ಗದ್ದೆಗಳು ಹೋದವು, ಅವುಗಳೊಡನೆ ಆ ಚಿಂತೆಯೂ ಹೋಯಿತು. ನೀರು ಮಾತ್ರ ತನ್ನ ಹಳೆಯ ದಾರಿಯನ್ನು ಮರೆಯಲಿಲ್ಲ. 2021ರ ನವೆಂಬರ್ ತಿಂಗಳ ಮಳೆಯಲ್ಲಿ ಕೆರೆಯು ತುಂಬಿ ಹರಿದು, ತಗ್ಗಿನಲ್ಲಿದ್ದ ವಸತಿ ಸಮುಚ್ಚಯವೊಂದರ ನಿವಾಸಿಗಳನ್ನು ದೋಣಿಗಳಲ್ಲಿ ಕರೆತರಬೇಕಾಯಿತು. 2024ರ ಅಕ್ಟೋಬರ್‌ನಲ್ಲಿಯೂ ಆ ಸಂಕಟ ಮರುಕಳಿಸಿತು. ಮಗಳ ಊರಿನಲ್ಲಿ ಧರ್ಮಾಂಬುಧಿಯ ಅಂಗಳವು ಬಸ್ಸುಗಳ ನಿಲ್ದಾಣವಾಗಿ ಹೋಯಿತು. ತಾಯಿಯ ಊರಿನ ಕೆರೆ ಇನ್ನೂ ಉಳಿದಿದೆ. ನೆರೆಯ ಪುಟ್ಟೇನಹಳ್ಳಿ ಕೆರೆಯನ್ನು 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದುದೂ ಸಮಾಧಾನಕರ ಸಂಗತಿ.

ನಮ್ಮ ಪ್ರಾಚೀನ ಶಾಸನಗಳಲ್ಲಿ 'ಬಿತ್ತುವಟ್ಟ'ವೆಂಬ ಮಾತು ಮತ್ತೆ ಮತ್ತೆ ಬರುತ್ತದೆ. ಕೆರೆಯನ್ನು ಕಟ್ಟಿದೊಡನೆ ಕರ್ತವ್ಯ ಮುಗಿಯದೆಂದು ಅರಿತು, ಅದರ ಮುಂದಿನ ರಕ್ಷಣೆಗಾಗಿ ದತ್ತಿಯನ್ನು ಬಿಡುವ ಏರ್ಪಾಡದು. ಕಟ್ಟುವುದು ಒಂದು ತಲೆಮಾರಿನ ಸಾಹಸ. ಕಾಪಾಡುವುದು ಎಲ್ಲ ತಲೆಮಾರುಗಳ ಹೊಣೆ. ಕೋಡಿಯ ದಾರಿಯನ್ನು ತೆರವಾಗಿರಿಸಿ, ಹೂಳನ್ನು ತೆಗೆದು, ಕೊಳೆನೀರನ್ನು ತಡೆದು ಈ ಕೆರೆಯನ್ನು ಉಳಿಸಿಕೊಂಡರೆ ನಾವು ನಾಡಪ್ರಭುಗಳ ನಿಜವಾದ ವಾರಸುದಾರರೆನಿಸುವೆವು. ಮಾತೃನಗರದ ಋಣವನ್ನು ತೀರಿಸಲು ಇದಕ್ಕಿಂತ ಉತ್ತಮ ಮಾರ್ಗ ಬೇರೊಂದಿಲ್ಲ.