ಗ್ರಾಮಫೋನ್ ಸಂಗ್ರಹ: ಹಿತ್ತಾಳೆಯ ಹೊಳಪಿಗೆ ಮರುಳಾಗದಿರಿ

ಥಳಥಳಿಸುವ ಹಿತ್ತಾಳೆಯ ಕಹಳೆ, ಪಾಲಿಶ್ ಮಾಡಿದ ಮರದ ಪೆಟ್ಟಿಗೆ, ಅದರ ಮೇಲೊಂದು ನಾಯಿ ಚಿತ್ರದ ಫಲಕ. ಮುಂಬೈಯ ಚೋರ್ ಬಜಾರಿನಂತಹ ಕಡೆ 'ನೂರು ವರ್ಷದ ಗ್ರಾಮಫೋನ್' ಎಂದು ಮಾರಾಟವಾಗುವ ಇಂತಹ ಯಂತ್ರಗಳಲ್ಲಿ ಅನೇಕವು ಇತ್ತೀಚಿನ ದಶಕಗಳಲ್ಲಿ ಜೋಡಿಸಿದವು. ಹಳೆಯ ಸೂಟ್‌ಕೇಸ್ ಮಾದರಿಯ ಯಂತ್ರಗಳಿಂದ ಕಳಚಿದ ಸ್ಪ್ರಿಂಗ್ ಮೋಟಾರಿಗೆ ಹೊಸ ಪೆಟ್ಟಿಗೆ, ಹೊಸ ಕಹಳೆ ತೊಡಿಸಿ ಇವನ್ನು ತಯಾರಿಸಲಾಗುತ್ತದೆ. ಒಂದು ನಕಲಿಗಾಗಿ ಒಂದು ಅಸಲಿ ಬಲಿಯಾಗಿರುತ್ತದೆ ಎಂಬುದೇ ಇಲ್ಲಿಯ ವಿಪರ್ಯಾಸ.

ಗುರುತಿಸುವುದು ಕಷ್ಟವಲ್ಲ. ಅಸಲಿಯಲ್ಲಿ ಸೂಜಿಯ ಕಡೆಯಿಂದ ಕಹಳೆಯತ್ತ ಸಾಗುವ ಕೊಳವೆ ಕ್ರಮೇಣ ಅಗಲವಾಗುತ್ತದೆ. ನಕಲಿಯಲ್ಲಿ ಒಂದೇ ಗಾತ್ರದ ದಪ್ಪ ಕೊಳವೆಯನ್ನು ಒರಟಾಗಿ ಬಗ್ಗಿಸಿರುತ್ತಾರೆ. ಕಹಳೆ ಹಿತ್ತಾಳೆಯದೇ ಆಗಿರಬೇಕೆಂದೂ ಇಲ್ಲ. ಬಣ್ಣ ಬಳಿದ ತಗಡಿನವು, ಮರದವು ಧಾರಾಳವಾಗಿದ್ದವು. ನಿಜವಾಗಿ ಹಾಡು ಕೇಳಬಯಸುವವರಿಗೆ, 1931ರಲ್ಲಿ ಬಂದ ಎಚ್‌ಎಂವಿ 102ರಂತಹ ಸೂಟ್‌ಕೇಸ್ ಮಾದರಿಯೇ ಉತ್ತಮ ಆಯ್ಕೆ. ಕಹಳೆ ಅದರ ಒಡಲಿನಲ್ಲೇ ಅಡಗಿದೆ. ದಿವಾನಖಾನೆಯ ಶೋಭೆಗೆ ಅದು ಸಾಲದೆಂದರೆ, ಅದು ಬೇರೆ ಮಾತು.

ಯಂತ್ರ ಕೆಟ್ಟದ್ದಾದರೆ ನಷ್ಟ ಹಣದ್ದಷ್ಟೇ ಅಲ್ಲ. ಅಳತೆ ತಪ್ಪಿದ ಕೊಳವೆಯ ಭಾರಕ್ಕೆ ತಟ್ಟೆಯ ಗೀರುಗಳು ಸವೆದು, ಧ್ವನಿ ಶಾಶ್ವತವಾಗಿ ಅಳಿಯುತ್ತದೆ. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಮುದ್ರಿಸಿಕೊಂಡ ಗಾಯಕಿಯರಲ್ಲಿ ಗೌಹರ್ ಜಾನ್ ಒಬ್ಬರು. ಹಾಡಿನ ಕೊನೆಗೆ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ಆಗ ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಗಾಯಕಿಯ ಗುರುತು ಸಿಗಲೆಂದು ಈ ಏರ್ಪಾಡು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲೇ ಕಾರ್ಖಾನೆ ಆರಂಭವಾಯಿತು. ಗೌಹರ್ ಜಾನ್ 1928ರಲ್ಲಿ ಮೈಸೂರು ಅರಮನೆಯ ಆಶ್ರಯ ಪಡೆದು, 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು. ಇಂದು ಅವರ ದನಿ ಉಳಿದಿರುವುದು ಬೀಳಿಸಿದರೆ ಒಡೆಯುವ ಇಂತಹ ತಟ್ಟೆಗಳಿಂದಾಗಿಯೇ.

ನಿಮಿಷಕ್ಕೆ 78 ಸುತ್ತು ತಿರುಗುವ ಈ ತಟ್ಟೆಗಳನ್ನು ಅರಗಿಗೆ ಕಲ್ಲಿನ ಪುಡಿ ಬೆರೆಸಿ ತಯಾರಿಸುತ್ತಿದ್ದರು. ಆ ಪುಡಿ ಉಕ್ಕಿನ ಸೂಜಿಯನ್ನು ಗೀರಿನ ಆಕಾರಕ್ಕೆ ಸವೆಸಬೇಕೆಂಬುದೇ ಉದ್ದೇಶ. ಆದ್ದರಿಂದ ಒಂದು ಬದಿ ಮುಗಿದೊಡನೆ ಸೂಜಿ ಬದಲಿಸಬೇಕು. ಸುಮಾರು ಮೂರು ನಿಮಿಷದ ಹಾಡಿಗೊಂದು ಸೂಜಿಯೇ ಎಂದು ಜಿಪುಣತನ ಮಾಡಿದವರ ತಟ್ಟೆಗಳು ಬೂದು ಬಣ್ಣಕ್ಕೆ ತಿರುಗಿರುತ್ತವೆ. ಕೊಳ್ಳುವಾಗ ಬೆಳಕಿಗೆ ಹಿಡಿದು ನೋಡಿದರೆ ಇದು ತಿಳಿಯುತ್ತದೆ. ವಿದ್ಯುತ್ ಪ್ಲೇಯರಿನಲ್ಲಿ ನುಡಿಸುವುದಾದರೆ 78ರ ತಟ್ಟೆಗೆಂದೇ ಇರುವ ಸೂಜಿ ಅಗತ್ಯ. ಅದು ಎಲ್‌ಪಿ ಸೂಜಿಗಿಂತ ಮೂರು-ನಾಲ್ಕು ಪಟ್ಟು ದಪ್ಪ. 1948ರ ನಂತರ ಬಂದ ವಿನೈಲ್ ಎಲ್‌ಪಿಗಳನ್ನಂತೂ ಕೀಲಿ ಕೊಡುವ ಗ್ರಾಮಫೋನಿಗೆ ಹಾಕಲೇಬಾರದು, ಒಂದೇ ಸಲಕ್ಕೆ ಹಾಳಾಗುತ್ತವೆ.

ಹಳೆಯದಾಗಿ ಕಾಣುವುದೆಲ್ಲ ಬಹಳ ಹಳೆಯದಲ್ಲ ಎಂಬುದನ್ನೂ ನೆನಪಿಡಬೇಕು. ಪಾಶ್ಚಾತ್ಯ ದೇಶಗಳು ಕೈಬಿಟ್ಟ ಮೇಲೂ ಭಾರತದಲ್ಲಿ 78ರ ತಟ್ಟೆಗಳು ಬರುತ್ತಲೇ ಇದ್ದವು. 1960ರ ದಶಕದ ಬೀಟಲ್ಸ್ ಹಾಡುಗಳೂ ಇಲ್ಲಿ ಹಾಗೆ ಅಚ್ಚಾಗಿದ್ದು, ವಿದೇಶೀ ಸಂಗ್ರಾಹಕರು ಅವನ್ನು ಹುಡುಕಿ ಕೊಳ್ಳುತ್ತಾರೆ.

ಶುಚಿ ಮಾಡಲು ಸ್ಪಿರಿಟ್ ಸಲ್ಲದು, ಅರಗು ಅದರಲ್ಲಿ ಕರಗುತ್ತದೆ. ಸೌಮ್ಯ ಸಾಬೂನಿನ ಒಂದು ಹನಿ ಬೆರೆಸಿದ ಶುದ್ಧೀಕರಿಸಿದ ನೀರು, ಮೆತ್ತನೆಯ ಬಟ್ಟೆ ಸಾಕು. ನಡುವಿನ ಕಾಗದದ ಚೀಟಿ ಮಾತ್ರ ನೆನೆಯಬಾರದು. ಒಣಗಿದ ಮೇಲೆ ಕಾಗದದ ಲಕೋಟೆಯಲ್ಲಿಟ್ಟು, ಬಿಸಿಲು ತಾಗದೆಡೆ ನೆಟ್ಟಗೆ ನಿಲ್ಲಿಸಿಡಬೇಕು.